ನಿಮಗಿದು ಗೊತ್ತೆ? ವೈಪಿನ್ ದ್ವೀಪದ ಕೊನೆಯ ಮಾತುಗಾರ

ಒಂದು ಭಾಷೆಯನ್ನು ಆಡುವವರ ಸಂಖ್ಯೆ ಒಂದಕ್ಕೆ ಇಳಿಯಬಹುದೆ? ಕೇರಳದ ಕೊಚ್ಚಿಯಲ್ಲಿ ಹಾಗೆಯೇ ಆಯಿತು.

ಪೋರ್ಚುಗೀಸರ ಹಡಗುಗಳು ಕೊಚ್ಚಿಗೆ ಬಂದದ್ದು 1500ರಲ್ಲಿ. ಸೈನಿಕರು, ವ್ಯಾಪಾರಿಗಳು ಇಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾಗಿ ನೆಲೆನಿಂತರು. ಆ ಮನೆಗಳಲ್ಲಿ ಪೋರ್ಚುಗೀಸ್ ಪದಗಳಿಗೆ ಮಲಯಾಳದ ಜಾಯಮಾನ ಸೇರಿ ಹೊಸ ಮಾತೊಂದು ಹುಟ್ಟಿತು. ಭಾಷಾತಜ್ಞರು ಇಂಥದ್ದನ್ನು ಕ್ರಿಯೋಲ್ ಎನ್ನುತ್ತಾರೆ.

1663ರಲ್ಲಿ ಡಚ್ಚರು ಕೊಚ್ಚಿಯನ್ನು ಗೆದ್ದರು. ಆಳುವವರು ಹೋದ ಮೇಲೆ ಮಾತೂ ಹೋಗಬೇಕಿತ್ತು. ಹೋಗಲಿಲ್ಲ! ಸ್ಥಳೀಯರೊಡನೆ ವ್ಯವಹರಿಸಲು ಡಚ್ಚರೂ ಇದೇ ಮಾತನ್ನು ಬಳಸಬೇಕಾಯಿತು. ಮುಂದೆ ಬ್ರಿಟಿಷರ ಕಾಲದಲ್ಲಿ ಶಾಲೆ, ಕಚೇರಿಗಳಿಗೆ ಇಂಗ್ಲಿಷ್ ಬಂತು. ಬೀದಿಯಲ್ಲಿ ಮಲಯಾಳ ಇದ್ದೇ ಇತ್ತು. ಕ್ರಿಯೋಲ್ ಕೆಲವೇ ಕ್ಯಾಥೊಲಿಕ್ ಕುಟುಂಬಗಳ ಮನೆಮಾತಾಗಿ ಉಳಿಯಿತು.

ಕೊನೆಗೆ ಅದನ್ನು ಸರಾಗವಾಗಿ ಆಡಬಲ್ಲವರಾಗಿ ಉಳಿದವರು ಫೋರ್ಟ್ ಕೊಚ್ಚಿಯ ಎದುರಿಗಿರುವ ವೈಪಿನ್ ದ್ವೀಪದ ವಿಲಿಯಂ ರೊಜಾರಿಯೊ ಒಬ್ಬರೇ. ಜೊತೆಗೆ ಮಾತಾಡಲು ಯಾರೂ ಇಲ್ಲದ ಮನೆಮಾತನ್ನು ಇಷ್ಟು ಕಾಲ ಕಾಪಾಡಿದ್ದು ಸಣ್ಣ ಸಂಗತಿಯಲ್ಲ. 2010ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅದಕ್ಕೂ ಮುನ್ನ ಪೋರ್ಚುಗಲ್‌ನ ಭಾಷಾವಿಜ್ಞಾನಿ ಹ್ಯೂಗೊ ಕಾರ್ಡೋಸೊ ಅವರು ರೊಜಾರಿಯೊ ಅವರ ಮಾತನ್ನು ದಾಖಲಿಸಿಕೊಂಡಿದ್ದರು. ಪುಣ್ಯಕ್ಕೆ ಅಷ್ಟಾದರೂ ಉಳಿಯಿತು.

ಕಣ್ಣೂರಿನಲ್ಲೂ ಇದರ ಸೋದರ ಭಾಷೆಯೊಂದು ಬೆರಳೆಣಿಕೆಯ ಜನರ ಬಾಯಲ್ಲಿತ್ತು.

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕೊರ್ಲಾಯಿ ಗ್ರಾಮದ ಕಥೆ ಬೇರೆ. ಪೋರ್ಚುಗೀಸರು ಅಲ್ಲಿಂದ ಕಾಲ್ತೆಗೆದದ್ದು 1740ರಲ್ಲಿ. ಆದರೂ ನೂರಾರು ಮಂದಿ ಅಲ್ಲಿನ ಕ್ರಿಯೋಲನ್ನು ಇಂದಿಗೂ ಆಡುತ್ತಾರೆ. ಮರಾಠಿಯ ಒಡನಾಟದಿಂದಾಗಿ ಅದರ ಕ್ರಿಯಾಪದ ಈಗ ನಮ್ಮ ಕನ್ನಡದಂತೆಯೇ ವಾಕ್ಯದ ಕೊನೆಗೆ ಬರುತ್ತದೆ.