ಹೊಗೆಗೆ ದಾರಿಯೆಲ್ಲಿ?

1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟರು ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ, ಮುಳಿಹುಲ್ಲಿನ ಮಾಡಿಗಿದ್ದ ಬೆಂಕಿಯ ಭಯವು ನಮ್ಮೂರಿನಲ್ಲಿ ಕ್ರಮೇಣ ತಗ್ಗಿತು. ಹೆಂಚಿನ ಇನ್ನೊಂದು ಗುಣವನ್ನು ಯಾರೂ ಹೊಗಳಿದವರಲ್ಲ: ಅಡಿಗೆಮನೆಯ ಹೊಗೆಯು ಅದರ ಸಂದುಗಳಿಂದ ತಾನಾಗಿ ಹೊರಬೀಳುತ್ತಿದ್ದಿತು.

ಈಗ ಕದ್ರಿ, ಬಿಜೈಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏಳುತ್ತಲಿದೆ. ಕಾಂಕ್ರೀಟು ಉರಿಯದೆಂಬುದು ದಿಟವೇ; ಅದರೊಳಗಿನ ತಂತಿಯ ಹೊದಿಕೆ, ಪರದೆ, ಹಾಸಿಗೆಗಳು ಉರಿಯುವುವು; ಹೊಗೆಗೆ ಹೊರದಾರಿಯಿಲ್ಲ. 2010ನೆಯ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ ವಿದ್ಯುತ್ ತಂತಿಗಳೇರುವ ಡಕ್ಟಿನ ಮೂಲಕ ಹೊಗೆಯು ಮೇಲಕ್ಕೆ ವ್ಯಾಪಿಸಿ ಒಂಬತ್ತು ಜನರು ಮೃತರಾದರು. ಉಸಿರುಕಟ್ಟಿ ಕಿಟಿಕಿಯಿಂದ ಹಾರಿದವರೂ ಅವರಲ್ಲಿದ್ದರು.

15 ಮೀಟರು ಮತ್ತು ಅದಕ್ಕೆ ಮಿಕ್ಕಿದ ಎತ್ತರದ ಕಟ್ಟಡಗಳನ್ನು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಪ್ರತ್ಯೇಕವಾಗಿ ಗಣಿಸಿರುವುದು. ಇಂತಹ ಡಕ್ಟನ್ನು ಪ್ರತಿ ಅಂತಸ್ತಿನಲ್ಲಿಯೂ ಬೆಂಕಿತಡೆಯಿಂದ ಮುಚ್ಚತಕ್ಕದ್ದು, ಮೆಟ್ಟಲಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳತಕ್ಕದ್ದು. ಮೊನ್ನೆ ನಾವು ಹೋಗಿದ್ದ ಕಟ್ಟಡವೊಂದರಲ್ಲಿ ಆ ಬಾಗಿಲಿಗೆ ಇಟ್ಟಿಗೆಯನ್ನು ಅಡ್ಡವಿಟ್ಟಿದ್ದರು, ಗಾಳಿ ಬರಲೆಂದು!

ಅಧಿಕಾರಿಗಳು ನಕ್ಷೆಗೆ ರುಜು ಹಾಕಿದಲ್ಲಿಗೆ ಕೈತೊಳೆದುಕೊಳ್ಳದೆ, ಜನರು ವಾಸಕ್ಕೆ ಬಂದ ಮೇಲೆಯೂ ವರ್ಷಕ್ಕೊಮ್ಮೆ ಬಂದು ಆ ಡಕ್ಟನ್ನು ತೆರೆಯಿಸಿ ನೋಡಬೇಕೆಂದು ನಮ್ಮ ಬಿನ್ನಹ. ಇಟ್ಟಿಗೆಯನ್ನಾದರೋ ನಿವಾಸಿಗಳೇ ಇಂದು ಸಂಜೆಯೊಳಗೆ ತೆಗೆಯಬಹುದು.