ನಿಮಗಿದು ಗೊತ್ತೆ? ಕಳ್ಳಸಾಗಣೆಯ ರನ್‌ವೇ, ಈಗ ಕೂಸಿನ ಗಾಡಿಯ ದಾರಿ

ಬಹಾಮಾಸ್‌ನ ಕ್ಯಾಸ್ಟವೇ ಕೇ ದ್ವೀಪದಲ್ಲಿ ಅಪ್ಪ ಅಮ್ಮಂದಿರು ಮಕ್ಕಳನ್ನು ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗುವ ಉದ್ದನೆಯ ನೇರ ದಾರಿಯೊಂದಿದೆ. ಒಂದು ಕಾಲದಲ್ಲಿ ಅಲ್ಲಿ ಇಳಿಯುತ್ತಿದ್ದುದು ಮಾದಕವಸ್ತು ಸಾಗಿಸುವ ಪುಟ್ಟ ವಿಮಾನಗಳು!

ಆಗ ದ್ವೀಪದ ಹೆಸರು ಗೋರ್ಡಾ ಕೇ. ಫ್ಲಾರಿಡಾಕ್ಕೆ ಹತ್ತಿರ, ಹೇಳುವವರು ಕೇಳುವವರು ಇಲ್ಲ. ಕಳ್ಳಸಾಗಣೆದಾರರಿಗೆ ಇನ್ನೇನು ಬೇಕು? ಆಮೇಲೆ ಡಿಸ್ನಿ ಕಂಪನಿ ಅದನ್ನು 99 ವರ್ಷಗಳ ಗುತ್ತಿಗೆಗೆ ಪಡೆಯಿತು. 1998ರಿಂದ ಅದರ ಕ್ರೂಸ್ ಹಡಗುಗಳು ಬರತೊಡಗಿದವು. ಹಳೆಯ ರನ್‌ವೇಯನ್ನು ಕಿತ್ತುಹಾಕದೆ, ನಡೆಯಲು, ಸೈಕಲ್ ತುಳಿಯಲು ಬಿಟ್ಟುಕೊಟ್ಟರು.

ಆದರೆ ಚಿಕ್ಕ ಮಕ್ಕಳಿರುವವರು ಮೆಚ್ಚುವುದು ಬೇರೆಯದನ್ನು. ಆ ಕಡೆಯ ಎಷ್ಟೋ ದ್ವೀಪಗಳಲ್ಲಿ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲುಗಾಡುವ ದೋಣಿಗೆ ಮಗು, ಚೀಲ, ಹಾಲಿನ ಬಾಟಲಿ ಎಲ್ಲವನ್ನೂ ದಾಟಿಸಬೇಕು. ಇಲ್ಲಿ ಸಮುದ್ರದ ತಳವನ್ನೇ ಅಗೆದು ಆಳದ ಕಾಲುವೆ ಮಾಡಿದ್ದಾರೆ. ಹಡಗು ಸೀದಾ ದಡಕ್ಕೇ ಬಂದು ನಿಲ್ಲುತ್ತದೆ. ಮಧ್ಯಾಹ್ನ ಕೂಸು ನಿದ್ದೆಗೆ ರಚ್ಚೆ ಹಿಡಿದರೆ ಎತ್ತಿಕೊಂಡು ಹಡಗಿನ ಕೋಣೆಗೆ ನಡೆದರಾಯಿತು. ಮರಳಾಟ ಬೇಕೆಂದಾಗ ಮತ್ತೆ ಇಳಿಯಬಹುದು.

ದ್ವೀಪ ಸುಮಾರು 1,000 ಎಕರೆ. ಪ್ರವಾಸಿಗರಿಗಾಗಿ ಮೊದಲು ಸಿದ್ಧಪಡಿಸಿದ್ದು 55 ಎಕರೆಯನ್ನಷ್ಟೇ. ಆ ಜಾಗದಲ್ಲೇ ಪುಟ್ಟದೊಂದು ಅಂಚೆ ಕಚೇರಿಯೂ ಇದೆ. ಬರುವವರಲ್ಲಿ ಹೆಚ್ಚಿನವರು ಅಮೆರಿಕನ್ನರೇ. ಆದರೂ ಅಜ್ಜಿಗೆ ಕಾರ್ಡ್ ಕಳಿಸಬೇಕೆಂದರೆ ಅಮೆರಿಕದ ಸ್ಟಾಂಪ್ ಇಲ್ಲಿ ನಡೆಯದು, ಬಹಾಮಾಸ್‌ನದ್ದೇ ಆಗಬೇಕು.