ವಾಣಿಜ್ಯ ಪತ್ರವ್ಯವಹಾರಕ್ಕೆ ಬೇಕಾದ ಇಂಗ್ಲಿಷ್ ವ್ಯಾಕರಣ

ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ, ದಾಳಿಂಬೆ ಮತ್ತು ಲಿಂಬೆ ಇಂದು ಹೊರರಾಜ್ಯದ ಪೇಟೆಗಳಿಗೂ ಹೊರದೇಶಗಳಿಗೂ ಸಾಗುತ್ತಿವೆ. ತಿಕೋಟಾ, ಬಬಲೇಶ್ವರ ಭಾಗದ ವರ್ತಕರು ಮಾಲಿನ ಗುಣಮಟ್ಟವನ್ನು ಕಣ್ಣಳತೆಯಿಂದಲೇ ಹೇಳಬಲ್ಲರು. ಆದರೆ ಅದೇ ಮಾಲಿಗೆ ಸಂಬಂಧಿಸಿದ ಇಂಗ್ಲಿಷ್ ಕರಾರು ಬಂದೊಡನೆ ಅದನ್ನು ಓದುವ ಹೊಣೆ ಗುಮಾಸ್ತರಿಗೋ ಲೆಕ್ಕಪರಿಶೋಧಕರಿಗೋ ಹೋಗುತ್ತದೆ. ಇಂಗ್ಲಿಷ್ ಕಲಿಯಬೇಕೆನ್ನುವವರು ಸಾಮಾನ್ಯವಾಗಿ ದೊಡ್ಡ ದೊಡ್ಡ ಪದಗಳನ್ನು ಬಾಯಿಪಾಠ ಮಾಡಲು ತೊಡಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ವ್ಯಾಪಾರಸ್ಥರು ಮೊದಲು ಅಭ್ಯಾಸ ಮಾಡಬೇಕಾದುದು ಎರಡಕ್ಷರ, ಮೂರಕ್ಷರಗಳ ಸಣ್ಣ ಪದಗಳನ್ನು ಮತ್ತು ಪದಗಳ ಬಾಲಕ್ಕೆ ಅಂಟುವ ಪ್ರತ್ಯಯಗಳನ್ನು. ಹಣ ಸಿಕ್ಕಿಬೀಳುವುದು ಅಲ್ಲಿಯೇ.

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ನಾಮಪದದ ಹಿಂದೆ ಬರುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವ ಪದ ನಾಮಪದಕ್ಕಿಂತ ಮುಂಚೆ ಬರುತ್ತದೆ. ಪೇಟೆಯಲ್ಲಿ, ಮಾರ್ಚ್‌ನಲ್ಲಿ, ದಾರಿಯಲ್ಲಿ ಎಂದು ಒಂದೇ 'ಅಲ್ಲಿ' ಪ್ರತ್ಯಯದಿಂದ ನಾವು ಮುಗಿಸುವ ಕೆಲಸಕ್ಕೆ ಅವರಲ್ಲಿ 'ಇನ್', 'ಆನ್', 'ಆ್ಯಟ್' ಎಂಬ ಮೂರು ಪದಗಳುಂಟು. ಇವು ತಪ್ಪಿದರೆ ಓದುವವನು ನಕ್ಕು ಸುಮ್ಮನಾದಾನು. ಆದರೆ 'ಬೈ' ಮತ್ತು 'ಟಿಲ್' ಎಂಬವು ಅದಲುಬದಲಾದರೆ ವ್ಯಾಜ್ಯವೇ ಹುಟ್ಟಬಹುದು. 20ನೇ ತಾರೀಖಿಗೆ 'ಬೈ' ಹಚ್ಚಿದರೆ, ಆ ದಿನದ ಒಳಗೆ ಮಾಲನ್ನು ಒಪ್ಪಿಸಿ ಮುಗಿಸುತ್ತೇವೆ ಎಂದರ್ಥ. 'ಟಿಲ್' ಹಚ್ಚಿದರೆ, ಆ ದಿನದವರೆಗೂ ಒಪ್ಪಿಸುತ್ತಲೇ ಇರುತ್ತೇವೆ ಎಂದರ್ಥ. ಬರಹದ ಕನ್ನಡದಲ್ಲಿಯೂ 'ಒಳಗೆ' ಮತ್ತು 'ವರೆಗೆ' ಬೇರೆ ಬೇರೆಯೇ. ಆದರೆ ನಮ್ಮ ಭಾಗದ ಮಾತಿನಲ್ಲಿ 'ನಾಳೆ ಸಂಜೀತನಕ ಮುಟ್ಟಸ್ತೀವಿ' ಎಂಬುದು ಸಹಜವಾಗಿರುವುದರಿಂದ, ಆ 'ತನಕ'ವೇ ಇಂಗ್ಲಿಷ್ ಪತ್ರದಲ್ಲಿ 'ಟಿಲ್' ಆಗಿ ಇಳಿಯುತ್ತದೆ.

ರಫ್ತು ವ್ಯಾಪಾರದಲ್ಲಿ ಇಂತಹ ಪದಗಳ ಅರ್ಥವನ್ನು ಯಾರ ಊಹೆಗೂ ಬಿಟ್ಟಿಲ್ಲ. ಪ್ಯಾರಿಸ್‌ನಲ್ಲಿ ಕೇಂದ್ರ ಕಚೇರಿಯುಳ್ಳ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ ಸಂಸ್ಥೆಯು ಲೆಟರ್ ಆಫ್ ಕ್ರೆಡಿಟ್ ಅಂದರೆ ಎಲ್.ಸಿ. ವ್ಯವಹಾರಕ್ಕಾಗಿ ರೂಪಿಸಿರುವ ಯು.ಸಿ.ಪಿ. 600 ನಿಯಮಾವಳಿ 2007ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 3ನೇ ನಿಯಮವನ್ನು ವ್ಯಾಕರಣದ ಪಾಠವೆಂದೇ ಓದಬಹುದು. ಮಾಲು ಹಡಗಿಗೇರಿಸುವ ಅವಧಿಯನ್ನು ಹೇಳುವಾಗ 'ಫ್ರಮ್', 'ಟು', 'ಟಿಲ್', 'ಅಂಟಿಲ್', 'ಬಿಟ್ವೀನ್' ಎಂಬ ಪದಗಳು ಬಂದರೆ, ಅಲ್ಲಿ ಹೇಳಿದ ತಾರೀಖೂ ಲೆಕ್ಕಕ್ಕೆ ಸೇರುತ್ತದೆ. 'ಬಿಫೋರ್', 'ಆಫ್ಟರ್' ಬಂದರೆ ಆ ತಾರೀಖು ಸೇರುವುದಿಲ್ಲ. ಆದ್ದರಿಂದ 'ಬಿಫೋರ್' ಮಾರ್ಚ್ 20 ಎಂದಿದ್ದರೆ 19ಕ್ಕೇ ಮಾಲು ಹಡಗಿನಲ್ಲಿರಬೇಕು. 20ರಂದು ಏರಿಸಿದರೆ ತಡವಾಯಿತೆಂದೇ ಅರ್ಥ. ಇನ್ನೂ ವಿಚಿತ್ರವೆಂದರೆ, ಇದೇ 'ಫ್ರಮ್' ಪದವು ಹುಂಡಿಯ ಹಣ ಪಾವತಿಯಾಗುವ ದಿನವನ್ನು ಎಣಿಸಲು ಬಳಕೆಯಾದಾಗ ಆ ತಾರೀಖನ್ನು ಬಿಟ್ಟು ಎಣಿಸಬೇಕು. ಒಂದೇ ಪದಕ್ಕೆ ಒಂದೇ ನಿಯಮದೊಳಗೆ ಎರಡು ಬಗೆಯ ಲೆಕ್ಕ! 'ಆನ್ ಆರ್ ಅಬೌಟ್' ಎಂದಿದ್ದರೆ ಆ ತಾರೀಖಿನ ಹಿಂದಿನ ಐದು ದಿನ ಮತ್ತು ಮುಂದಿನ ಐದು ದಿನಗಳ ಅವಕಾಶ ದೊರೆಯುತ್ತದೆ. ಆದರೆ 'ಪ್ರಾಂಪ್ಟ್', 'ಇಮ್ಮೀಡಿಯೆಟ್ಲಿ', 'ಆ್ಯಸ್ ಸೂನ್ ಆ್ಯಸ್ ಪಾಸಿಬಲ್' ಎಂಬ, ನಮ್ಮ ಪತ್ರಗಳಲ್ಲಿ ಧಾರಾಳವಾಗಿ ಬರುವ ಮಾತುಗಳನ್ನು ಬ್ಯಾಂಕುಗಳು ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಪ್ರಮಾಣದ ವಿಷಯದಲ್ಲಿಯೂ ಹೀಗೆಯೇ. ಮಮದಾಪುರದ ಒಬ್ಬ ವರ್ತಕರಿಗೆ 20 ಟನ್ ಒಣದ್ರಾಕ್ಷಿಯ ಬೇಡಿಕೆ ಬಂದಿದೆ ಎಂದು ಭಾವಿಸೋಣ. ಎಲ್.ಸಿ.ಯಲ್ಲಿ ಬರಿದೇ 20 ಟನ್ ಎಂದಿದ್ದು, ಹೆಚ್ಚು ಕಡಿಮೆ ಆಗಕೂಡದೆಂದು ಬೇರೆ ಷರತ್ತಿಲ್ಲದಿದ್ದರೆ, 30ನೇ ನಿಯಮದಂತೆ ಶೇಕಡಾ 5ರಷ್ಟು ವ್ಯತ್ಯಾಸಕ್ಕೆ ಅವಕಾಶವಿದೆ. ಬಿಲ್ಲಿನ ಮೊತ್ತ ಮಾತ್ರ ಎಲ್.ಸಿ.ಯ ಮೊತ್ತವನ್ನು ಮೀರಬಾರದು. ಅದೇ ಮಾಲನ್ನು 10 ಕಿಲೋಗ್ರಾಂ ತೂಕದ 2,000 ಪೆಟ್ಟಿಗೆಗಳು ಎಂದು ಎಣಿಕೆಯಲ್ಲಿ ಹೇಳಿದ್ದರೆ ಈ ಸಡಿಲಿಕೆ ಇಲ್ಲ. ಒಂದು ಪೆಟ್ಟಿಗೆ ಕಡಿಮೆಯಾದರೂ ಆಕ್ಷೇಪಣೆ ಬರಬಹುದು. ಪ್ರಮಾಣದ ಹಿಂದೆ 'ಅಬೌಟ್' ಎಂಬ ಒಂದು ಪದವನ್ನು ಸೇರಿಸಿಕೊಂಡರೆ ಶೇಕಡಾ 10ರವರೆಗೆ, ಅಂದರೆ 18ರಿಂದ 22 ಟನ್‌ವರೆಗೆ, ಹೆಚ್ಚು ಕಡಿಮೆ ಮಾಡಬಹುದು. ಆದರೆ ಆ ಪದ ಪ್ರಮಾಣದ ಹಿಂದೆ ಮಾತ್ರ ಇದ್ದರೆ ಪ್ರಮಾಣಕ್ಕೆ ಮಾತ್ರ ಅನ್ವಯಿಸುತ್ತದೆ. ಮೊತ್ತಕ್ಕೂ ಬೇಕಿದ್ದರೆ ಮೊತ್ತದ ಹಿಂದೆಯೂ ಹಾಕಿಸಿಕೊಳ್ಳಬೇಕು.

ಹಾಗೆಂದು ಪ್ರತಿಯೊಂದು ಅಕ್ಷರದೋಷಕ್ಕೂ ಅಂಜಬೇಕಾಗಿಲ್ಲ. ದಾಖಲೆಗಳ ಪರಿಶೀಲನೆಗಾಗಿ ಅದೇ ಸಂಸ್ಥೆ 2013ರಲ್ಲಿ ಪರಿಷ್ಕರಿಸಿದ ಪದ್ಧತಿಯ ಪ್ರಕಾರ, ಅರ್ಥ ಕೆಡದಂತಹ ಅಕ್ಷರದೋಷವನ್ನು ಕುಂದೆಂದು ಎಣಿಸುವುದಿಲ್ಲ. 'ಮಶೀನ್' ಎಂಬ ಪದದ ಒಂದು ಅಕ್ಷರ ತಪ್ಪಿದರೆ ಚಿಂತೆಯಿಲ್ಲ. 321ನೇ ಮಾದರಿ ಎಂಬಲ್ಲಿ 123 ಎಂದು ಬಿದ್ದರೆ ಅದು ಕುಂದು. ಏಕವಚನ ಬಹುವಚನಗಳ ಬಗೆಗೂ ಯು.ಸಿ.ಪಿ. ಉದಾರವಾಗಿದೆ. ಆದರೆ ನಮ್ಮ ದೇಶದ ಕಾನೂನು ಮಾಪನ ನಿಯಮಗಳಲ್ಲಿ ಒಂದು ವಿಶೇಷವಿದೆ: ಪೊಟ್ಟಣದ ಮೇಲೆ ಕಿಲೋಗ್ರಾಂನ ಸಂಕೇತವಾದ ಎರಡು ಇಂಗ್ಲಿಷ್ ಅಕ್ಷರಗಳ ಮುಂದೆ ಬಹುವಚನದ 'ಎಸ್' ಹಚ್ಚಬಾರದು. ತೂಕ ಎಷ್ಟೇ ಇರಲಿ, ಸಂಕೇತ ಬದಲಾಗುವುದಿಲ್ಲ.

ಊರಿನ ಹೆಸರಿನ ಬಗ್ಗೆ ಇಲ್ಲಿಯೇ ಒಂದು ಮಾತು. ಬಿಜಾಪುರವು 2014ರ ನವೆಂಬರ್ 1ರಂದು ವಿಜಯಪುರವಾಯಿತು. ಹಳೆಯ ಪರವಾನಗಿಯಲ್ಲಿ ಒಂದು ಹೆಸರು, ಹೊಸ ಬಿಲ್ಲಿನಲ್ಲಿ ಇನ್ನೊಂದು ಇರುವುದುಂಟು. ವಿಳಾಸಗಳು ಎಲ್.ಸಿ.ಯಲ್ಲಿದ್ದಂತೆಯೇ ಇರಬೇಕೆಂದು ಯು.ಸಿ.ಪಿ. ಕೇಳುವುದಿಲ್ಲ, ದೇಶ ಒಂದೇ ಆಗಿದ್ದರೆ ಸಾಕು. ಆದರೆ ಸಾಗಣೆಯವರಿಗೆ ಅಷ್ಟು ಸಾಲದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರವಿದೆ, ಛತ್ತೀಸಗಡದಲ್ಲಿ ಬಿಜಾಪುರವೆಂಬ ಜಿಲ್ಲೆಯೇ ಇದೆ. ನಮ್ಮ ಜಿಲ್ಲೆಯ 586ರಿಂದ ಆರಂಭವಾಗುವ ಪಿನ್ ಕೋಡ್ ಬರೆಯಲು ಮರೆಯಬಾರದು.

ಇನ್ನು ಪದರೂಪಗಳು. ಮಾರು, ಮಾರಾಟ, ಮಾರಾಟಗಾರ. ನೇಯು, ನೇಯ್ಗೆ, ನೇಕಾರ ಎಂದು ಒಂದೇ ಧಾತುವಿನಿಂದ ಪದಗಳನ್ನು ಬೆಳೆಸುವ ಕ್ರಮ ನಮಗೆ ಹೊಸದಲ್ಲ. ಆದರೆ ಕ್ರಿಯೆಯನ್ನು ಮಾಡಿದವನ ಎದುರಿಗೆ ಆ ಕ್ರಿಯೆ ಯಾರನ್ನು ಮುಟ್ಟುವುದೋ ಅವನಿಗೂ ಇಂಗ್ಲಿಷಿನಲ್ಲಿ ಒಂದು ಪ್ರತ್ಯಯವಿದೆ, ಅದು 'ಈ'. ಲಾರಿ ರಸೀದಿಯಲ್ಲಿ ಮಾಲು ಕಳಿಸಿದವನು ಕನ್ಸೈನರ್, ಪಡೆಯುವವನು ಕನ್ಸೈನೀ. ಚೆಕ್ಕಿನಲ್ಲಿ ಹಣ ಪಡೆಯುವವನು ಪೇಯೀ. ಇಷ್ಟರಿಂದ 'ಈ' ಬಂದಲ್ಲೆಲ್ಲ ಹಣವೋ ಮಾಲೋ ಪಡೆಯುವವನೆಂದು ತಿಳಿದರೆ ಮೋಸ ಹೋಗುತ್ತೇವೆ. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯಂತೆ ಚೆಕ್ಕಿನ ಡ್ರಾಯೀ ಎಂದರೆ ಹಣ ಕೊಡಬೇಕಾದ ಬ್ಯಾಂಕು. ಅದು ಪಡೆಯುವುದು ಆದೇಶವನ್ನು ಮಾತ್ರ.

ಸಣ್ಣ ಉತ್ಪಾದಕರು 'ಅಕ್ಸೆಪ್ಟ್' ಎಂಬ ಧಾತುವನ್ನು ಚೆನ್ನಾಗಿ ಅಭ್ಯಾಸ ಮಾಡಬೇಕು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹಣ ಸಲ್ಲಬೇಕಾದ ಗರಿಷ್ಠ 45 ದಿನಗಳ ಎಣಿಕೆ ಆರಂಭವಾಗುವುದು 'ಅಕ್ಸೆಪ್ಟನ್ಸ್' ದಿನದಿಂದ. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪಿಸದಿದ್ದರೆ, ತಲುಪಿದ ದಿನವೇ ಒಪ್ಪಿದಂತೆ ಭಾವಿಸಲಾಗುತ್ತದೆ. ಉಚ್ಚಾರದಲ್ಲಿ ನೆರೆಯದಾದ 'ಎಕ್ಸೆಪ್ಟ್' ಎಂದರೆ 'ಹೊರತುಪಡಿಸಿ'. ಖರೀದಿದಾರರ ಷರಾದಲ್ಲಿ ಈ ಎರಡರಲ್ಲಿ ಯಾವುದಿದೆ ಎಂಬುದನ್ನು ಅಕ್ಷರ ಹಿಡಿದು ನೋಡಬೇಕು. 'ಫ್ಯೂ ಕಂಪ್ಲೇಂಟ್ಸ್' ಎಂದರೆ ದೂರುಗಳು ಇಲ್ಲವೆನ್ನುವಷ್ಟು ಕಡಿಮೆ. ಅದರ ಮುಂಚೆ 'ಎ' ಬಂದರೆ ಕೆಲವು ದೂರುಗಳಿವೆ ಎಂದು. 'ಶಲ್' ಎಂಬುದು ನಮ್ಮ ಸರಕಾರಿ ಕನ್ನಡದ 'ತಕ್ಕದ್ದು', 'ಮೇ' ಎಂಬುದು 'ಬಹುದು'. ಕಾಲಸೂಚನೆಯಲ್ಲಿ 'ಕಳುಹಿಸುತ್ತೇವೆ' ಎಂಬ ಒಂದೇ ರೂಪ ನಮ್ಮಲ್ಲಿ ರೂಢಿಗೂ ಭವಿಷ್ಯಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ವಾಗ್ದಾನ ಮಾಡಬೇಕಿದ್ದರೆ 'ವಿಲ್' ಬೇಕು. 'ಕಳುಹಿಸಿರುತ್ತೇವೆ' ಎಂಬುದಕ್ಕೆ 'ಹ್ಯಾವ್ ಸೆಂಟ್' ಸರಿ, ಆದರೆ ತಾರೀಖು ಹೇಳಿದೊಡನೆ 'ಹ್ಯಾವ್' ಬಿಟ್ಟು ಬರಿದೇ 'ಸೆಂಟ್' ಎನ್ನಬೇಕು.

ಅಭ್ಯಾಸಕ್ಕೆ ಪುಸ್ತಕಕ್ಕಿಂತ ತಮ್ಮದೇ ಕಡತ ಉತ್ತಮ. ಕಳೆದ ವರ್ಷದ ಇಂಗ್ಲಿಷ್ ಪತ್ರ, ಬಿಲ್ಲು, ಕರಾರುಗಳಲ್ಲಿ ಹತ್ತನ್ನು ತೆಗೆದುಕೊಂಡು, ತಾರೀಖು ಮತ್ತು ಪ್ರಮಾಣಗಳ ಹಿಂದಿರುವ ಸಣ್ಣ ಪದಗಳಿಗೆ ಕೆಂಪು ಗೆರೆ ಎಳೆಯಿರಿ. ಪ್ರತಿಯೊಂದರ ಎದುರು ಆ ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಬರೆಯಿರಿ. ಮರುದಿನ ಇಂಗ್ಲಿಷನ್ನು ಮುಚ್ಚಿ ಕನ್ನಡದಿಂದ ಮತ್ತೆ ಬರೆದು ತಾಳೆ ನೋಡಿರಿ. ವಾರಕ್ಕೆ ಒಂದು ಧಾತು ಸಾಕು: ಪೇ, ಪೇಡ್, ಪೇಮೆಂಟ್, ಪೇಯಬಲ್, ಪೇಯೀ ಎಂದು ಅದರ ರೂಪಗಳನ್ನು ತಮ್ಮ ಮಾಲಿನ ಹೆಸರು ಸೇರಿಸಿ ವಾಕ್ಯದಲ್ಲಿಡಬೇಕು. ಮೊಬೈಲಿನ ಭಾಷಾಂತರವನ್ನು ಬಳಸುವವರು ಮೊದಲು ಕನ್ನಡ ವಾಕ್ಯವನ್ನು ಪೂರ್ಣವಾಗಿ ಬರೆಯಲಿ. 'ತಲುಪಿದೆ' ಎಂದಷ್ಟೇ ಕೊಟ್ಟರೆ ತಲುಪಿದ್ದು ಮಾಲೋ ಹಣವೋ ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಬಂದ ಇಂಗ್ಲಿಷನ್ನು ಅದೇ ಯಂತ್ರದಿಂದ ಮರಳಿ ಕನ್ನಡಕ್ಕೆ ತಂದು, 'ಒಳಗೆ' ಎಂದದ್ದು 'ವರೆಗೆ' ಆಗಿದೆಯೇ ಎಂದು ನೋಡಿ, ಅನಂತರವೇ ಪತ್ರ ರವಾನಿಸಬೇಕು. ಎಲ್.ಸಿ.ಯ ಮಾತಿನಲ್ಲಿ ಸಂದೇಹ ಬಂದರೆ ತಿದ್ದುಪಡಿಯನ್ನು ಮಾಲು ಏರಿಸುವ ಮುನ್ನವೇ ಕೇಳಬೇಕು. ದಾಖಲೆ ಸಲ್ಲಿಸಿದ ಮೇಲೆ ಬ್ಯಾಂಕಿಗೆ ಪರಿಶೀಲನೆಗಿರುವುದು ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನಗಳು.